ಗೇಟು ಕಾಯುವ ಸೊಸೆಗೆ

ತೆರಕಣಾಂಬಿ
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಭವ್ಯಾ,

ಬೇರೆ ಮಾತಿಗೆ ಮೊದಲು ಭುಜದ ಸಮಾಚಾರ ಹೇಳು. ಹೊಲಿಗೆ ಬಿಚ್ಚಿದರಾ? ಕೈ ಮೇಲೆತ್ತಿದರೆ ಇನ್ನೂ ಸೆಳೆಯುತ್ತದಾ? ಮೊನ್ನೆ ವಿಡಿಯೋ ಕಾಲಿನಲ್ಲಿ ತಲೆ ಬಾಚಿ ತೋರಿಸಿ, 'ನೋಡಿ ಅತ್ತೆ, ಏನೂ ಆಗಿಲ್ಲ' ಅಂದೆ. ಬಾಚಿದ್ದು ಬಲಗೈಯಲ್ಲಿ. ಗಾಜು ಹೊಕ್ಕಿದ್ದು ಎಡ ಭುಜಕ್ಕೆ. ಮುದುಕಿಗೆ ಎಡ ಬಲ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಊಟ ಸರಿಯಾಗಿ ಮಾಡು. ರಾಗಿ ಹಿಟ್ಟು ಮುಗಿದಿದ್ದರೆ ಹೇಳು, ಆದರೆ ಇನ್ನು ಮುಂದೆ ಯಾವ ಹಿಟ್ಟು, ಯಾವ ಪುಡಿ ಕಳಿಸಬೇಕಾದರೂ ನಿನ್ನ ಸಾಹೇಬರನ್ನು ಕೇಳಿಯೇ ಕಳಿಸುತ್ತೇನೆ. ಅದರ ಕತೆ ಮುಂದೆ ಬರೆಯುತ್ತೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸಿಂಧುವಿಗೆ ಮುಂದಿನ ಎರಡು ಹಲ್ಲು ಬಿದ್ದು ಮಾತಿನ ಜೊತೆ ಗಾಳಿಯೂ ಬರುತ್ತದೆ. ಅಮ್ಮ ಮಾಡುವ ಕೆಲಸ ಏನು ಅಂತ ನೀನು ಫೋನಿನಲ್ಲಿ ಹೇಳಿಕೊಟ್ಟೆಯಲ್ಲ, ಅವತ್ತಿನಿಂದ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಪಕ್ಕದ ಮನೆ ಗುರುಮಲ್ಲಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೆ ಕೈಚೀಲ ಇಸಿದುಕೊಂಡು ತಡಕಿ, ಎಲೆಅಡಿಕೆ ಚೀಲ ತೆಗೆದಿಟ್ಟುಕೊಂಡು, 'ಹೋಗುವಾಗ ಇಸ್ಕೊಳಿ' ಅಂದಳು. ಗುರುಮಲ್ಲಮ್ಮನಿಗೆ ಬಂದ ಕೋಪ ನೀನು ನೋಡಬೇಕಿತ್ತು.

ಫೋನು ಇರುವಾಗ ಕಾಗದ ಯಾಕೆ ಅನ್ನಬಹುದು. ಫೋನು ಹಿಡಿದುಕೊಳ್ಳುವವನು ಸುಧಾಕರ. ನಿನಗೆ ಗಂಡ, ನನಗೆ ಮಗ, ಒಳ್ಳೆಯವನೇ. ಆದರೆ ಅವನು ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರೆ ಊಟ ಆಯ್ತಾ, ಚಳಿ ಜಾಸ್ತಿನಾ ಅನ್ನುವುದರಾಚೆಗೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಮತ್ತೆ, ಮೂವತ್ತು ವರ್ಷ ಅಂಚೆ ಕಚೇರಿ ನಡೆಸಿದವಳಿಗೆ ಮಾತಿಗಿಂತ ಕವರಿನ ಮೇಲೆ ನಂಬಿಕೆ ಹೆಚ್ಚು. ನೀನಿರುವ ದೇಶದ ಹೆಸರು ಬರೆಯಬಾರದು ಅಂದಿದ್ದೀಯ, ಬರೆಯುವುದಿಲ್ಲ. ನಿನ್ನೂರು ಅನ್ನುತ್ತೇನೆ. ದೆಹಲಿಯ ವಿಳಾಸಕ್ಕೆ ಹಾಕಿದರೆ ಅವರೇ ನಿನ್ನೂರಿಗೆ ತಲುಪಿಸುತ್ತಾರಲ್ಲ.

ಈಗ ಪುಡಿಯ ವಿಷಯ. ಡಿಸೆಂಬರಿನಲ್ಲಿ ಆದದ್ದಕ್ಕೆ ನಾನು ಇನ್ನೂ ನೆಟ್ಟಗೆ ತಪ್ಪು ಒಪ್ಪಿಕೊಂಡಿಲ್ಲ. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದವಳು ನಿನಗೆಂದು ದೂಳ್ತ, ಅಲ್ಲಿನ ವಿಭೂತಿ, ತಂದಿದ್ದೆ. ಕಾಗದದ ಮಡಿಕೆಯಲ್ಲಿ ಎರಡು ಚಿಟಿಕೆ ಇಟ್ಟು, ಹಣೆಗೆ ಹಚ್ಚಿಕೋ ಅಂತ ಬರೆದು ಅಂಟಿಸಿದೆ. ಇದರಲ್ಲಿ ಏನು ತಪ್ಪಿದೆ ಅಂತ ಈ ಜಿಲ್ಲೆಯಲ್ಲಿ ಯಾರನ್ನು ಬೇಕಾದರೂ ಕೇಳು. ನನ್ನ ಕಚೇರಿಗೆ ಬರುತ್ತಿದ್ದ ಕವರುಗಳಲ್ಲಿ ಅರ್ಧಕ್ಕರ್ಧ ಉಬ್ಬಿಕೊಂಡೇ ಇರುತ್ತಿದ್ದವು. ದೂಳ್ತ, ಅರಿಶಿನ ಕುಂಕುಮ, ಗೋಪಾಲಸ್ವಾಮಿ ಬೆಟ್ಟದ ತುಳಸಿ. ಮೊಹರು ಹೊಡೆಯುವಾಗ ಉಬ್ಬಿದ ಜಾಗ ಬಿಟ್ಟು ಪಕ್ಕಕ್ಕೆ ಹೊಡೆಯುವುದು ನನ್ನ ಕೈಗೆ ರೂಢಿಯಾಗಿತ್ತು. ಆದರೆ ನೀನು ಕಾಯುವ ನಮ್ಮ ರಾಯಭಾರ ಕಚೇರಿಯಲ್ಲಿ ಕವರು ಬಿಚ್ಚಿದವರ ಕೈ ಮೇಲೆ ಬಿಳಿ ಪುಡಿ ಉದುರಿತು, ಕೋಣೆಗೆ ಬೀಗ ಬಿತ್ತು, ಆ ಚಳಿಯಲ್ಲಿ ರಾಯಭಾರಿಯವರಿಂದ ಹಿಡಿದು ಅಡುಗೆಯವರ ತನಕ ಎಲ್ಲರೂ ಮೂರು ಗಂಟೆ ಅಂಗಳದಲ್ಲಿ ನಿಂತರು. ಮುಖ ಮುಚ್ಚಿಕೊಂಡವರು ಬಂದು ಮಾದಪ್ಪನ ದೂಳ್ತವನ್ನು ಇಕ್ಕಳದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡು ಹೋದರು. ನೀನು ವಿವರಣೆ ಬರೆದುಕೊಟ್ಟೆ. ಫೋನಿನಲ್ಲಿ ನೀನು ನಗುತ್ತಾ, 'ಮಾದಪ್ಪ ಎಲ್ಲರ್ನೂ ಆಚಿಗೆ ಕಳ್ಸಬುಟ್ಟ ಕಣತ್ತೆ' ಅಂದೆ. ನನಗೆ ನಗು ಬರಲಿಲ್ಲ, ಕೋಪ ಬಂತು. ದೇವರ ಪ್ರಸಾದಕ್ಕೆ ಹೆದರುವ ಇವರೆಂಥ ದೇಶ ಕಾಯುವವರು ಅಂದುಕೊಂಡೆ.

ಕೋಪ ಇಳಿಯದೆ ಗುಂಡ್ಲುಪೇಟೆ ಬಸ್ಸು ಹತ್ತಿದೆ. ನಿನ್ನ ಮೊದಲನೇ ಯೂನಿಫಾರ್ಮಿನ ಸೊಂಟ ಹಿಡಿಸಿಕೊಟ್ಟ ಟೈಲರ್ ಅಪ್ಸರ್ ಪಾಷಾ ಇದ್ದಾರಲ್ಲ, ಅವರ ಮಗಳು ಮಹೀನ್ ಈಗ ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾಳೆ. 'ಎರಡು ಚಿಟಿಕೆ ಪುಡಿಗೆ ಇಷ್ಟು ರಂಪ ಯಾಕಮ್ಮಿ' ಅಂತ ಕೇಳಿದೆ. ಅವಳು ನಗಲಿಲ್ಲ. ೨೦೦೧ರಲ್ಲಿ ಅಮೆರಿಕದಲ್ಲಿ ಯಾರೋ ಕಾಗದದೊಳಗೆ ರೋಗದ ಪುಡಿ ಇಟ್ಟು ಅಂಚೆಗೆ ಹಾಕಿದರಂತೆ, ಐದು ಜನ ಸತ್ತರಂತೆ. ಆಮೇಲೆ ಮೆಲ್ಲಗೆ, 'ಅದರಲ್ಲಿ ಇಬ್ಬರು ಅಂಚೆಯವರು ಆಂಟಿ' ಅಂದಳು. ನನ್ನ ಕೋಪ ಅಲ್ಲೇ ಕೂತುಬಿಟ್ಟಿತು. ಅವರು ಕಾಗದ ಬರೆದವರಲ್ಲ, ಯಾರ ವೈರಿಗಳೂ ಅಲ್ಲ. ನನ್ನ ಹಾಗೆ ಬಂದ ಕವರನ್ನು ಬೇರೆ ಬೇರೆ ಮಾಡುತ್ತಿದ್ದವರು. ತಪ್ಪಾಯಿತು ಭವ್ಯಾ. ಅಂಗಳದಲ್ಲಿ ನಿಂತವರಿಗೆಲ್ಲ ನನ್ನ ಪರವಾಗಿ ಹೇಳು. ಆ ಕವರು ಬಿಚ್ಚಿದವರಿಗೆ ವಿಶೇಷವಾಗಿ ಹೇಳು. ಮಾದಪ್ಪನ ಮೇಲಿನ ಭಕ್ತಿಯಲ್ಲಿ ತಪ್ಪಿಲ್ಲ, ಕವರಿನಲ್ಲಿಟ್ಟಿದ್ದು ತಪ್ಪು.

ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ನನ್ನ ಸೊಸೆ ನಿಂತಿರುವ ಗೇಟು ಎಂಥದ್ದು ಅಂತ ತಿಳಿಯಬೇಕು ಅನ್ನಿಸಿತು. ಮೂರು ಶನಿವಾರ ಮಹೀನಳ ಮುಂದೆ ವಿದ್ಯಾರ್ಥಿನಿಯಾಗಿ ಕೂತೆ. ಅವಳು ಓದಿ ಕನ್ನಡದಲ್ಲಿ ಹೇಳಿದಳು, ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಸುದ್ದಿ ಹೊತ್ತು ಬಂದವನ ಮೇಲೆ ಕೈ ಮಾಡಬಾರದು ಅನ್ನುವುದು ರಾಜರ ಕಾಲದಿಂದ ಇರುವ ನೀತಿ. ೧೯೬೧ರಲ್ಲಿ ವಿಯೆನ್ನಾ ಅನ್ನುವ ಊರಿನಲ್ಲಿ ದೇಶದೇಶದವರು ಕೂತು ಅದನ್ನೇ ಕಾಗದದ ಮೇಲೆ ಇಳಿಸಿ ಸಹಿ ಹಾಕಿದರು. ನಮ್ಮ ನೆಲಕ್ಕೆ ಬಂದ ರಾಯಭಾರಿಯನ್ನು, ಅವನ ಮನೆಯನ್ನು, ಅವನ ಕಾಗದದ ಚೀಲವನ್ನು ನಾವು ಕಾಯುತ್ತೇವೆ ಅಂತ. ಸಹಿ ಒಣಗಿ ಇಪ್ಪತ್ತು ವರ್ಷ ಆಗುವುದರೊಳಗೆ ಟೆಹರಾನಿನಲ್ಲಿ ಜನ ಗೋಡೆ ಹತ್ತಿ ಅಮೆರಿಕದ ಕಚೇರಿಗೆ ನುಗ್ಗಿದರು, ಐವತ್ತೆರಡು ಜನರನ್ನು ನಾನೂರ ನಲವತ್ತನಾಲ್ಕು ದಿನ ಹಿಡಿದಿಟ್ಟುಕೊಂಡರು. ಅವರ ಮನೆಯವರು ಅಷ್ಟು ದಿನ ಹೇಗೆ ಊಟ ಮಾಡಿದರೋ ಅಂತ ನಾನು ಯೋಚಿಸಿದೆ. ೨೦೦೮ರಲ್ಲಿ ಕಾಬೂಲಿನ ನಮ್ಮದೇ ಕಚೇರಿಯ ಗೇಟಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಾಂಬು ತುಂಬಿದ ಕಾರು. ಐವತ್ತಕ್ಕೂ ಮೇಲೆ ಜನ ಹೋದರು. ಅಧಿಕಾರಿಗಳಿದ್ದರು, ಕಾವಲಿನ ಇಬ್ಬರು ಜವಾನರಿದ್ದರು. ಆದರೆ ಹೆಚ್ಚಿನವರು ಆ ಊರಿನವರೇ, ವೀಸಾಕ್ಕೆಂದು ಸಾಲಿನಲ್ಲಿ ನಿಂತವರು, ದಾರಿಯಲ್ಲಿ ಹೋಗುತ್ತಿದ್ದವರು. ಮರುವರ್ಷ ಬಾಂಬಿನವರು ಮತ್ತೆ ಬಂದರು. ಅಷ್ಟರಲ್ಲಿ ಗೋಡೆ ಗಟ್ಟಿ ಮಾಡಿದ್ದರಿಂದ ಒಳಗಿನವರು ಉಳಿದುಕೊಂಡರು. ಹೊರಗಿನ ಹದಿನೇಳು ಜನಕ್ಕೆ ಗೋಡೆ ಇರಲಿಲ್ಲ.

ನನ್ನ ಮನಸ್ಸು ಹಿಡಿದುಕೊಂಡಿದ್ದು ಮಾತ್ರ ನೈರೋಬಿಯ ಕತೆ. ೧೯೯೮. ಅಮೆರಿಕದ ಕಚೇರಿಯ ಹಿಂಬದಿಗೆ ಲಾರಿ ಬಂತು, ಗೇಟು ತೆಗೆ ಅಂದರು. ಅಲ್ಲಿದ್ದ ಕಾವಲುಗಾರ ಆ ಊರಿನವನು, ಕೈಯಲ್ಲಿ ಬಂದೂಕು ಕೂಡ ಇರಲಿಲ್ಲ. ಅವನು ತೆಗೆಯಲಿಲ್ಲ. ಬಾಂಬು ಹೊರಗೇ ಸಿಡಿಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅಮೆರಿಕದವರು ಹನ್ನೆರಡೇ ಜನ. ಅವನು ತೆಗೆದಿದ್ದರೆ ಲಾರಿ ಕಟ್ಟಡದ ಬುಡಕ್ಕೇ ಹೋಗುತ್ತಿತ್ತು. ಅದೇ ದಿನ ಪಕ್ಕದ ದೇಶದಲ್ಲಿದ್ದ ಅಮೆರಿಕದ ಇನ್ನೊಂದು ಕಚೇರಿಯ ಗೇಟಿನಲ್ಲಿ ಬಾಂಬಿನ ಲಾರಿಗೆ ಅಡ್ಡವಾಗಿ ನಿಂತಿದ್ದು ನೀರಿನ ಟ್ಯಾಂಕರು. ಇಂಥ ಕಚೇರಿಗಳ ಇತಿಹಾಸ ಬರೆಯುವವರು ರಾಯಭಾರಿಗಳ ಹೆಸರು ಬರೆಯುತ್ತಾರೆ. ನನ್ನ ನೋಟ್ ಬುಕ್ಕಿನಲ್ಲಿ ಇರುವವರು ಗೇಟಿನವರು, ಡ್ರೈವರುಗಳು, ಸಾಲಿನಲ್ಲಿ ನಿಂತವರು, ಅಂಚೆಯವರು.

ನೋಟ್ ಬುಕ್ಕಿನಲ್ಲಿ ಇಷ್ಟು ಬರೆದು ಮುಗಿಸಿದ್ದೆ, ಜನವರಿಯಲ್ಲಿ ನಿನ್ನ ಗೇಟಿಗೇ ಬಾಂಬಿನ ಕಾರು ಬಂತು. ಟಿವಿಯವರು ಹೊಗೆಯನ್ನೇ ನೂರು ಸಲ ತೋರಿಸಿದರು. ಐದು ಗಂಟೆ ಹೊತ್ತು ನಿನ್ನ ಫೋನು ಇಲ್ಲ. ಆ ಐದು ಗಂಟೆಯ ಬಗ್ಗೆ ನಾನು ಬರೆಯುವುದಿಲ್ಲ. ಕೊನೆಗೆ ನೀನು ಮಾತಾಡಿದಾಗ ಮೊದಲು ಹೇಳಿದ್ದು ಗಾಯದ ವಿಷಯವಲ್ಲ. 'ಅತ್ತೆ, ಗೇಟು ತೆಗೀಲಿಲ್ಲ' ಅಂದೆ. ಆಮೇಲೆ, ಹೆಂಗಸರ ಸಾಲನ್ನು ನಿಮಗೆ ನಿಲ್ಲಿಸಿಕೊಡುತ್ತಿದ್ದ ಆ ಊರಿನ ಮುದುಕ ಸತ್ತುಹೋದ ಅಂತ ಅತ್ತುಬಿಟ್ಟೆ. ಅವನಿಗೂ ಮನೆಯಲ್ಲಿ ಸೊಸೆ ಇದ್ದಾಳಂತೆ ಅಂದೆಯಲ್ಲ, ಅವಳನ್ನು ಒಂದು ಸಲ ಹೋಗಿ ಮಾತಾಡಿಸು. ಭಾಷೆ ಬರದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂತು ಬಾ.

ಅವತ್ತಿನಿಂದ ಮನೆಯಲ್ಲಿ ಒಂದೇ ಮಾತು. ಭವ್ಯಳನ್ನು ವಾಪಸು ಕರೆಸು. ನಿನ್ನ ಅವಧಿ ಇನ್ನೂ ಹತ್ತು ತಿಂಗಳು ಇದೆ, ಗಾಯದ ನೆಪದಲ್ಲಿ ಬರಬಹುದು ಅಂತ ಸಾಹೇಬರು ಹೇಳಿದರೂ ನೀನು ಇರುತ್ತೇನೆ ಅಂದೆ, ಅದು ಎಲ್ಲರಿಗೂ ಗೊತ್ತಾಗಿದೆ. ನನ್ನ ನೋಟ್ ಬುಕ್ಕನ್ನು ಸುಧಾಕರನೂ ಓದಿದ. ಅವನಿಗೆ ಅದರಲ್ಲಿ ಸತ್ತವರ ಲೆಕ್ಕ ಮಾತ್ರ ಕಂಡಿತು. ಗುರುಮಲ್ಲಮ್ಮ ಜಗಲಿಯಲ್ಲಿ ಕೂತು, 'ಎತ್ತ ತಾಯಿ ಮಗೀನ ಬುಟ್ಟು ಅಲ್ಲೋಗಿ ಗೇಟು ಕಾಯದಾ, ನೀನಾರ ಏಳಬಾರ್ದಾ ಸುಧಾಮಣಿ' ಅಂದಳು. 'ನಿನ್ ಮಗ ಕುಮಾರಸ್ವಾಮಿ ಅನ್ನೊಂದು ವರ್ಸದಿಂದ ಗಡೀಲಿ ಅವ್ನೆ, ಅವನ ಮಕ್ಕಳ ಗತಿ ಏನು ಅಂತ ಒಬ್ಬರಾರ ಕೇಳವ್ರಾ' ಅಂದೆ. ಎದ್ದು ಹೋದಳು. ಎಲೆಅಡಿಕೆ ಚೀಲ ಮರೆತು ಹೋದಳು, ಸಿಂಧು ಓಡಿ ಹೋಗಿ ಕೊಟ್ಟು ಬಂದಳು.

ನಿನಗೆ ಒಂದು ಹಳೇ ಸಂಗತಿ ಹೇಳಬೇಕು, ಇದುವರೆಗೂ ಹೇಳಿಲ್ಲ. ನಿನ್ನ ಮಾವನವರು ತೀರಿಕೊಂಡಾಗ ಸುಧಾಕರನಿಗೆ ನಾಲ್ಕು ವರ್ಷ. ಆಗ ನಾವಿದ್ದ ಹರವೆ ಪಕ್ಕದ ಹಳ್ಳಿಯ ಅಂಚೆ ಕಚೇರಿ ಅವರಿಂದ ನನ್ನ ಕೈಗೆ ಬಂತು. ಹರವೆಗೆ ಹೋಗಿ ಚೀಲ ತರಬೇಕು, ಸೈಕಲ್ ಕಲಿತೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಚಕ್ರದಲ್ಲಿ ಗಾಳಿ ಇಲ್ಲ. ಮುಳ್ಳೂ ಇಲ್ಲ, ತೂತೂ ಇಲ್ಲ. ಮೂರು ದಿನ ಹಾಗೇ ಆಯಿತು, ಮೂರು ದಿನವೂ ನಡೆದೇ ಹೋದೆ. ಆಮೇಲೆ ಗೊತ್ತಾಯಿತು, ತೆಗೆಯುತ್ತಿದ್ದವರು ನನ್ನ ಅತ್ತೆ ರಾಚಮ್ಮ. 'ಎಂಗ್ಸು ಊರೂರು ತಿರುಗುದ್ರ ಮಗೀನ ಯಾರಮ್ಮಿ ನೋಡರು' ಅಂದರು. ಅವರಿಗೂ ಭಯವೇ, ಮಗ ಹೋಗಿದ್ದ, ಇವಳೂ ಎಲ್ಲಾದರೂ ಬಿದ್ದು ಹೋದರೆ ಅಂತ. ಅದು ಈಗ ಅರ್ಥವಾಗುತ್ತದೆ. ಅವತ್ತು ನಾನು ಒಂದು ಪಂಪು ತಂದು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ದಿನಾ ಬೆಳಿಗ್ಗೆ ಅವರ ಕಣ್ಣೆದುರಿಗೇ ಗಾಳಿ ಹಾಕಿಕೊಂಡು ಹೊರಟೆ. ಒಂದು ತಿಂಗಳಾದ ಮೇಲೆ ಅವರಿಗೇ ಸಾಕಾಯಿತು. ನೀನು ಮನೆಗೆ ಬಂದ ದಿನ ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದು ಒಂದೇ. ಈ ಹುಡುಗಿಯ ಸೈಕಲ್ಲಿನ ಗಾಳಿ ನಾನು ತೆಗೆಯಬಾರದು.

ನನಗೆ ಭಯವಿಲ್ಲ ಅಂದರೆ ಸುಳ್ಳಾಗುತ್ತದೆ. ಟಿವಿಯಲ್ಲಿ ನಿನ್ನೂರಿನ ಹೆಸರು ಬಂದರೆ ಒಲೆ ಮೇಲಿಟ್ಟದ್ದನ್ನು ಮರೆತು ಓಡಿ ಬರುತ್ತೇನೆ. ನೀನಿಲ್ಲದೆ ಸಿಂಧುವಿಗೆ ಜ್ವರ ಬಂದ ದಿನ, ಎಲ್ಲ ಬಿಟ್ಟು ಬಾ ಅಂತ ಬರೆಯಲು ಪೆನ್ನು ಹಿಡಿದಿದ್ದೆ. ಆದರೆ ಆ ಕಾರು ತಂದವರಿಗೂ ಬೇಕಾಗಿದ್ದು ಅದೇ ಅಲ್ಲವಾ? ಅವರು ಗೇಟನ್ನು ಒಡೆಯಲು ಬರುವುದು ಒಂದು ದಿನ. ಮಿಕ್ಕ ದಿನವೆಲ್ಲ ನಮ್ಮ ಮನೆಮನೆಯ ಭಯ ಅವರ ಕೆಲಸ ಮಾಡುತ್ತಿರುತ್ತದೆ. ನಾನು ಮಾಡಿಕೊಡುವುದಿಲ್ಲ. ಸಾಲಿನಲ್ಲಿ ನಿಲ್ಲುವ ಹೆಂಗಸರಿಗೆ ಆಸ್ಪತ್ರೆಗೆ, ಓದಿಗೆ, ಮಗಳ ಮನೆಗೆ ನಮ್ಮ ದೇಶಕ್ಕೆ ಬರಬೇಕು. ಅವರ ಮೈ ಮುಟ್ಟಿ ನೋಡಲು ಒಬ್ಬಳು ಹೆಂಗಸು ಬೇಕು. ಆ ಒಬ್ಬಳು ನೀನು. ನಿನಗೇ ಸಾಕು ಅನ್ನಿಸಿದ ದಿನ ಬಾ, ಬಸ್ ಸ್ಟ್ಯಾಂಡಿಗೆ ನಾನೇ ಬಂದು ಪೆಟ್ಟಿಗೆ ಹೊರುತ್ತೇನೆ, ಯಾರ ಬಾಯಿಂದಲೂ ಒಂದು ಮಾತು ಹೊರಡದ ಹಾಗೆ ನೋಡಿಕೊಳ್ಳುತ್ತೇನೆ. ನಮ್ಮ ಭಯಕ್ಕೆ ಮಾತ್ರ ಬರಬೇಡ.

ಒಂದೇ ಒಂದು ಮಾತು ನಡೆಸಿಕೊಡು. ನೈರೋಬಿಯಲ್ಲಿ ಮೊದಲು ಸಣ್ಣ ಸದ್ದಾಯಿತಂತೆ. ಏನು ಅಂತ ನೋಡಲು ಜನ ಕಿಟಕಿಗೆ ಬಂದರು. ಆಮೇಲೆ ದೊಡ್ಡದು ಸಿಡಿದು ಗಾಜಿಗೆ ಎಷ್ಟೋ ಜನ ಕಣ್ಣು ಕಳೆದುಕೊಂಡರು. ನಮ್ಮ ಕಡೆಯವರ ಚಟ ನನಗೆ ಗೊತ್ತು. ಹೊಲದಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸಿದರೆ ಒಳಗೆ ಹೋಗುವವರು ಯಾರೂ ಇಲ್ಲ, ಎಲ್ಲರೂ ನೋಡಲು ಓಡಿ ಬರುತ್ತೇವೆ. ನೀನು ಅವರಲ್ಲಿ ಮೊದಲನೆಯವಳು. ಸದ್ದು ಕೇಳಿದರೆ ಕಿಟಕಿಗೆ ಹೋಗಬೇಡ ಕಣಮ್ಮಿ. ನೆಲಕ್ಕೆ ಬೀಳು.

ಬರುವ ಭಾನುವಾರ ಶಿವರಾತ್ರಿ. ನಿನ್ನ ಪಾಲಿನ ದೂಳ್ತವನ್ನು ಸಿಂಧುವಿನ ಹಣೆಗೆ ಹಚ್ಚುತ್ತೇನೆ, ಅಲ್ಲಿಂದ ನಿನಗೆ ತಲುಪಿಸುವುದು ಮಾದಪ್ಪನಿಗೆ ಬಿಟ್ಟಿದ್ದು. ಅವನಿಗೆ ಯಾರ ಪರೀಕ್ಷೆಯೂ ಇಲ್ಲ. ನಿನ್ನ ಜೊತೆ ಗೇಟಿನಲ್ಲಿ ನಿಲ್ಲುವವರಿಗೆಲ್ಲ ಈ ಮುದುಕಿಯ ಹಾರೈಕೆ ತಿಳಿಸು. ನಿನ್ನ ಭುಜ ಗಟ್ಟಿಯಾಗಲಿ, ಕಣ್ಣು ಚುರುಕಾಗಿರಲಿ, ಕೆಲಸ ಮುಗಿಸಿ ನಿನ್ನೆರಡು ಕಾಲಲ್ಲೇ ನಡೆದು ಮನೆಗೆ ಬಾ.

ನಿನ್ನ ಅತ್ತೆ,
ಸುಧಾಮಣಿ

ಮರೆತ ಮಾತು, ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿ ಉಳಿಸಿಕೊಂಡದ್ದು: ನಿನ್ನ ಸಾಹೇಬರು ಇಷ್ಟರಲ್ಲೇ ನಿನ್ನನ್ನು ಕರೆದು, ನಿಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವರಿಲ್ಲ, ಊರಿಗೆ ಹೊರಡಿ ಅನ್ನಬಹುದು. ನಂಬಬೇಡ. ಸುಧಾಕರ ಹೋದ ತಿಂಗಳು ಪೆನ್ಷನ್ ಕಾಗದ ಅಂತ ಒಂದು ಹಾಳೆ ಮುಂದಿಟ್ಟ, ಚಾಮರಾಜನಗರದ ಬಸ್ಸಿಗೆ ಹೊತ್ತಾಯಿತು ಅಂದ, ನಾನು ಒಲೆ ಮುಂದಿನಿಂದ ಎದ್ದು ಬಂದು ಓದದೆ ಸಹಿ ಹಾಕಿದೆ. ಮೂವತ್ತು ವರ್ಷ ಬೇರೆಯವರ ಸಹಿಯನ್ನು ಎರಡೆರಡು ಸಲ ನೋಡಿದವಳು ನನ್ನದನ್ನು ಹಾಕುವಾಗ ನೋಡಲಿಲ್ಲ. ಮೊನ್ನೆ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಸ್ಪೀಡ್ ಪೋಸ್ಟ್ ರಸೀದಿ ಸಿಕ್ಕಿತು, ವಿಳಾಸ ಓದದೆ ಬಿಡುವ ಕಣ್ಣು ನನ್ನದಲ್ಲ. ನಿನ್ನ ಪಡೆಯ ದೆಹಲಿ ಕಚೇರಿ. ಕೇಳಿದ್ದಕ್ಕೆ, ಆ ಹಾಳೆಯಲ್ಲಿ ಬರೆದಿದ್ದನ್ನೆಲ್ಲ ಹೇಳಿ ಅತ್ತುಬಿಟ್ಟ. 'ಅವ್ಳಿಗೇನಾರ ಆದ್ರ ನಾನೇನ್ ಮಾಡ್ಲವ್ವ' ಅಂದ. 'ನಂಗೂ ಭಯ ಕಣ್ಲಾ, ಭಯ ಅಂದ್ಬುಟ್ಟು ಸುಳ್ ಬರ್ಯದಾ' ಅಂದೆ. ಅವನ ಮೇಲೆ ಕೋಪ ಇಟ್ಟುಕೊಳ್ಳಬೇಡ, ಪ್ರೀತಿಗೆ ಮಾಡಿದ್ದು. ಆದರೆ ಗಾಳಿ ತೆಗೆದದ್ದು ತೆಗೆದದ್ದೇ, ಅದೂ ನನ್ನ ಕೈಯಿಂದ. ನಿನ್ನೆ ಆಸ್ಪತ್ರೆಗೆ ಹೋಗಿ, ನನಗೆ ಏನೂ ಕಾಯಿಲೆ ಇಲ್ಲ ಅಂತ ಬರೆದುಕೊಡಿ ಅಂದೆ. ಕಾಯಿಲೆ ಇದೆ ಅಂತ ಬರೆಸಿಕೊಳ್ಳಲು ದಿನಾ ಬರುತ್ತಾರೆ, ಇಲ್ಲ ಅಂತ ಕೇಳಿದವರು ನೀವೇ ಮೊದಲು ಅಂತ ಡಾಕ್ಟರಮ್ಮ ನಕ್ಕರು. ಆ ಸರ್ಟಿಫಿಕೇಟಿನ ಜೆರಾಕ್ಸ್ ಇದರೊಳಗಿದೆ, ಸಾಹೇಬರ ಮೇಜಿನ ಮೇಲಿಡು. ಅಸಲು, ಅದರ ಜೊತೆ ನನ್ನ ಕೈಬರಹದ ಅರ್ಜಿ, ನಾಳೆ ಬೆಳಿಗ್ಗೆ ದೆಹಲಿಗೆ ಹೊರಡುತ್ತವೆ. ಸುಧಾಕರ ಅದನ್ನು ಓದಿದ, ಕವರಿಗೆ ಗೋಂದು ಅವನೇ ಹಚ್ಚಿದ. ಅದರಲ್ಲಿ ಬರೆದಿದ್ದು ಇಷ್ಟೇ: ಹಿಂದಿನ ಅರ್ಜಿಯಲ್ಲಿರುವ ಸಹಿ ನನ್ನದು, ಮಾತು ನನ್ನದಲ್ಲ. ನಾನು ಗಟ್ಟಿಯಾಗಿದ್ದೇನೆ. ನನ್ನ ಸೊಸೆ ಇರುವಲ್ಲೇ ಇರಲಿ. ಇದನ್ನು ಎರಡು ಸಲ ಓದಿ ಸಹಿ ಹಾಕಿದ್ದೇನೆ.